ಮುದ್ರೆ ಸರಕಿನ ಮೇಲೋ, ಅಂಗಡಿಯ ಮೇಲೋ: ಮುಕ್ತ ಕಾರ್ಯವ್ಯವಸ್ಥೆಗಳ ಪ್ಯಾಕೇಜ್ ನಿರ್ವಹಣೆ, ಹಾವೇರಿ ಜಿಲ್ಲೆಯ ನೆಲೆಯಿಂದ ಒಂದು ತೌಲನಿಕ ಅಧ್ಯಯನ

ಪ್ಯಾಕೇಜ್ ಮ್ಯಾನೇಜರುಗಳನ್ನು ಒಂದಕ್ಕೊಂದು ಹೋಲಿಸುವ ಬರಹಗಳು ಬಹುಮಟ್ಟಿಗೆ ಒಂದೇ ಬಗೆಯ ಬಳಕೆದಾರನನ್ನು ಊಹಿಸಿಕೊಂಡಿರುತ್ತವೆ. ಅವನ ಮನೆಯಲ್ಲಿ ಕರೆಂಟು ಹೋಗುವುದಿಲ್ಲ, ಇಂಟರ್ನೆಟ್ಟಿಗೆ ಮಿತಿಯಿಲ್ಲ, ಯಂತ್ರ ದಿನವೂ ಚಾಲೂ ಇರುತ್ತದೆ, ಟೈಪು ಮಾಡುವುದು ಇಂಗ್ಲಿಷಿನಲ್ಲಿ. ಇಂಥವನಿಗೆ ಉಳಿಯುವ ಪ್ರಶ್ನೆ ಒಂದೇ: ಯಾವುದು ಬೇಗ ಮುಗಿಸುತ್ತದೆ? ಹಾಗಾಗಿ ಪ್ಯಾಕ್‌ಮ್ಯಾನ್ ಎಷ್ಟು ಸೆಕೆಂಡು, ಡಿಎನ್‌ಎಫ್ ಎಷ್ಟು ಸೆಕೆಂಡು ಎಂಬ ಕೋಷ್ಟಕಗಳು ಹುಟ್ಟುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಲಿನಕ್ಸ್ ಹಾಕಿದ ಯಂತ್ರವೊಂದರ ಮುಂದೆ ಕುಳಿತು ನೋಡಿದರೆ ಈ ನಾಲ್ಕು ಊಹೆಗಳಲ್ಲಿ ಒಂದೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಊಹೆ ಬದಲಾದರೆ ಹೋಲಿಕೆಯ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ವೇಗದ ಪ್ರಶ್ನೆಯನ್ನು ಬದಿಗಿಟ್ಟರೆ ಎದ್ದು ಕಾಣುವ ಭೇದ ಬೇರೆಯೇ ಇದೆ. ತಂತ್ರಾಂಶಕ್ಕೆ ಹೊಣೆಗಾರರು ಯಾರು, ಆ ಹೊಣೆಯ ಮುದ್ರೆ ಸರಕಿನ ಜೊತೆಗೇ ಊರೂರು ತಿರುಗಬಲ್ಲುದೇ ಎಂಬುದು.

ನೆಲೆಯ ಬಗ್ಗೆ ಒಂದಿಷ್ಟು. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹಾವೇರಿ ಪಕ್ಕದ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲಿ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯವಿದೆ. ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಒಳಪಟ್ಟವು, ಆ ಪಠ್ಯಕ್ರಮದಲ್ಲಿ ಯುನಿಕ್ಸ್ ಮತ್ತು ಲಿನಕ್ಸ್‌ಗೆ ಬಹುಕಾಲದಿಂದ ಜಾಗವಿದೆ. ಸರ್ಕಾರಿ ಪ್ರೌಢಶಾಲೆಗಳ ಕಡೆಗೆ ಬಂದರೆ, ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಉಬುಂಟು, ಲಿಬ್ರೆ ಆಫೀಸ್, ಜಿಯೋಜೀಬ್ರಾಗಳನ್ನು ಶಿಕ್ಷಕರಿಗೆ ಕಲಿಸುವ ಕನ್ನಡ ಪುಟಗಳಿವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರು ನಡೆಯುವುದು ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೇಲೆ. ದಲಾಲಿ ಅಂಗಡಿಯ ಕಂಪ್ಯೂಟರಿಗೆ ಅಲ್ಲಿ ಮುಖ್ಯವಾಗಿ ಬೇಕಾದದ್ದು ಕೆಟ್ಟು ಕೂರದ ಒಂದು ಬ್ರೌಸರು. ಡಿಟಿಪಿ ಅಂಗಡಿಗಳನ್ನು ಮಾತ್ರ ಈ ಅಧ್ಯಯನದಿಂದ ಹೊರಗಿಟ್ಟಿದ್ದೇನೆ. ನುಡಿ ತಂತ್ರಾಂಶ, ಹಳೆಯ ಆಸ್ಕಿ ಫಾಂಟುಗಳು, ಪೇಜ್‌ಮೇಕರ್ ಈ ಮೂರರ ಕಟ್ಟಿನಿಂದ ಅವು ವಿಂಡೋಸ್ ಬಿಟ್ಟು ಬರಲಾರವು, ಬರಲಿ ಎಂದು ಒತ್ತಾಯಿಸುವುದೂ ಸರಿಯಲ್ಲ.

ಹಿನ್ನೆಲೆ

ಇತಿಹಾಸ ತಿಳಿದದ್ದೇ ಆದ್ದರಿಂದ ಬೇಗ ದಾಟುತ್ತೇನೆ. ಡೆಬಿಯನ್ 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಘೋಷಿಸಿದ ಯೋಜನೆ. ಅದರ ಡಿಪಿಕೆಜಿ ಮರುವರ್ಷ ರೂಪುಗೊಂಡಿತು. ರೆಡ್ ಹ್ಯಾಟ್ 1995ರಲ್ಲಿ ಆರ್‌ಪಿಎಂ ತಂದಿತು. ಇವೆರಡೂ ಒಂದು ಪ್ಯಾಕೇಜನ್ನು ಬಿಚ್ಚಿ ಜೋಡಿಸಬಲ್ಲವು, ಆದರೆ ಅದಕ್ಕೆ ಬೇಕಾದ ಉಳಿದವನ್ನು ಹುಡುಕಿ ತರಲಾರವು. ತರುವ ಕೆಲಸ ಮೇಲಿನ ಪದರದ್ದಾಯಿತು: ಡೆಬಿಯನ್ 2.1ರ ಜೊತೆ 1999ರಲ್ಲಿ ಬಂದ ಆಪ್ಟ್, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇತ್ ವಿಡಾಲ್ ಬೆಳೆಸಿದ ಯಮ್, 2015ರಲ್ಲಿ ಫೆಡೋರಾ 22ರಿಂದ ಯಮ್‌ನ ಜಾಗಕ್ಕೆ ಬಂದ ಡಿಎನ್‌ಎಫ್. ಆರ್ಚ್ ಲಿನಕ್ಸ್ 2002ರಲ್ಲಿ ಪ್ಯಾಕ್‌ಮ್ಯಾನ್ ಜೊತೆ ಹುಟ್ಟಿತು. ಫ್ರೀಬಿಎಸ್‌ಡಿಯ ಪೋರ್ಟ್ಸ್ ಮತ್ತು ಜೆಂಟೂವಿನ ಪೋರ್ಟೇಜ್ ಮೂಲಸಂಕೇತದಿಂದಲೇ ಕಟ್ಟಿಕೊಳ್ಳುವ ದಾರಿ ಹಿಡಿದವು. ನಿಕ್ಸ್ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ ನಡೆಸಿದ ಸಂಶೋಧನೆಯ ಫಲ, ಪಿಎಚ್.ಡಿ. ಪ್ರಬಂಧ 2006ರದ್ದು. ಅಪ್ಲಿಕೇಶನ್ನನ್ನು ಬೇಕಾದ ಲೈಬ್ರರಿಗಳ ಸಮೇತ ಕಟ್ಟಿಕೊಡುವ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳು ಮುಂದಿನ ದಶಕದವು.

ಯಾವ ಪ್ಯಾಕೇಜಿಗೆ ಯಾವುದು ಬೇಕು, ಯಾವುದರ ಜೊತೆ ಯಾವುದು ಕೂಡದು ಎಂಬುದನ್ನು ಬಿಡಿಸುವುದು ಗಣಿತದ ದೃಷ್ಟಿಯಿಂದ ಸುಲಭದ ಮಾತಲ್ಲ. ಯುರೋಪಿನ ಎಡೋಸ್ ಯೋಜನೆಯ ಸಂಶೋಧಕರು 2006ರಲ್ಲೇ ಇದು ಎನ್‌ಪಿ-ಕಂಪ್ಲೀಟ್ ವರ್ಗದ ಸಮಸ್ಯೆ ಎಂದು ತೋರಿಸಿದರು. ಓಪನ್‌ಸೂಸೆಯವರು ಇದಕ್ಕೆ ತಾರ್ಕಿಕ ಪರಿಹಾರ ಹುಡುಕುವ ವಿಧಾನವನ್ನು 2008ರ ಹೊತ್ತಿಗೆ ಬಳಕೆಗೆ ತಂದರು, ಅದನ್ನು ಅಳವಡಿಸಿದ ಲೈಬ್ರರಿಯನ್ನೇ ಮುಂದೆ ಡಿಎನ್‌ಎಫ್ ಎತ್ತಿಕೊಂಡಿತು. ಶಾಸ್ತ್ರೀಯವಾಗಿ ಇದು ಸೊಗಸಾದ ಅಧ್ಯಾಯ. ಆದರೆ ದಿನಬಳಕೆಯಲ್ಲಿ ಇಂದಿನ ಯಾವ ವ್ಯವಸ್ಥೆಯೂ ಈ ಲೆಕ್ಕ ಬಿಡಿಸಲಾಗದೆ ಸೋಲುವುದು ಅಪರೂಪ. ಸೋಲುವುದು ಬೇರೆ ಕಡೆ.

ಕರೆಂಟು ಹೋದಾಗ

ಇಲ್ಲಿಗೆ ವಿದ್ಯುತ್ ಕೊಡುವ ಹೆಸ್ಕಾಂ ವ್ಯಾಪ್ತಿಯಲ್ಲಿ ಬೇಸಿಗೆಯ ಮಧ್ಯಾಹ್ನವಾಗಲಿ, ಮುಂಗಾರಿನ ಮೊದಲ ಗಾಳಿಮಳೆಯಾಗಲಿ, ಕರೆಂಟು ಹೇಳದೆ ಹೋಗುವುದುಂಟು. ಬ್ಯಾಟರಿ ಸೋತ ಯುಪಿಎಸ್ ಇರುವ ಲ್ಯಾಬಿನಲ್ಲಿ ಅಪ್‌ಡೇಟು ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಇಲ್ಲಿ ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಡಿಪಿಕೆಜಿ ನಿಧಾನ ಎಂಬ ದೂರು ಹಳೆಯದು. ಈ ನಿಧಾನಕ್ಕೆ ಒಂದು ಕಾರಣವಿದೆ. ಎಕ್ಸ್‌ಟಿ4 ಫೈಲ್ ವ್ಯವಸ್ಥೆ ಬಂದಾಗ ಬರೆದ ಫೈಲುಗಳು ಡಿಸ್ಕಿಗೆ ಇಳಿಯುವುದು ತಡವಾಗಿ, ನಡುವೆ ಯಂತ್ರ ನಿಂತುಹೋದರೆ ಸೊನ್ನೆ ಉದ್ದದ ಫೈಲುಗಳು ಉಳಿಯುತ್ತಿದ್ದವು. ಅದಕ್ಕಾಗಿ 2010ರ ಸುಮಾರಿಗೆ ಡಿಪಿಕೆಜಿ ತಾನು ಬಿಚ್ಚಿದ ಪ್ರತಿ ಫೈಲನ್ನೂ ಡಿಸ್ಕಿಗೆ ಖಾತ್ರಿಯಾಗಿ ಇಳಿಸಿದ ಮೇಲೆಯೇ ಹೆಸರು ಬದಲಿಸುವ ಕ್ರಮಕ್ಕೆ ಬಂತು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸಮಯ ತಿನ್ನುತ್ತದೆ. ಈ ಖಾತ್ರಿಯನ್ನೇ ತಪ್ಪಿಸಿ ವೇಗ ಹೆಚ್ಚಿಸುವ ಉಪಕರಣವೂ ಡೆಬಿಯನ್ ಭಂಡಾರದಲ್ಲಿದೆ, ಅದರ ಹೆಸರೇ ‘ಈಟ್ ಮೈ ಡೇಟಾ’. ವೇಗದ ಕೋಷ್ಟಕದಲ್ಲಿ ಡಿಪಿಕೆಜಿ ಕಳೆದುಕೊಳ್ಳುವ ಸೆಕೆಂಡುಗಳು ಕರೆಂಟು ಹೋದ ದಿನ ವಾಪಸು ಸಿಗುತ್ತವೆ. ಯಂತ್ರ ಮತ್ತೆ ಚಾಲೂ ಆದಾಗ ‘ಡಿಪಿಕೆಜಿ ಕಾನ್ಫಿಗರ್’ ಆದೇಶವೊಂದನ್ನು ಕೊಟ್ಟರೆ ಬಿಚ್ಚಿ ಜೋಡಿಸದೆ ಬಿಟ್ಟ ಪ್ಯಾಕೇಜುಗಳನ್ನು ಅದು ಅಲ್ಲಿಂದ ಮುಂದುವರಿಸುತ್ತದೆ. ಯಾವ ಪ್ಯಾಕೇಜು ಯಾವ ಹಂತದಲ್ಲಿದೆ ಎಂಬುದನ್ನು ಸರಳ ಪಠ್ಯದ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರುವುದರ ಲಾಭ ಇದು.

ಆರ್‌ಪಿಎಂ ಲೋಕದಲ್ಲಿ ಬಹುಕಾಲ ಬರ್ಕ್ಲಿ ಡೇಟಾಬೇಸ್ ಇತ್ತು. ನಡುವೆ ನಿಂತ ಯಂತ್ರದಲ್ಲಿ ಅದು ಹಾಳಾಗಿ, ಮರಳಿ ಕಟ್ಟುವ ಆದೇಶವನ್ನು ಆಡಳಿತಗಾರರು ಬಾಯಿಪಾಠ ಮಾಡಿಕೊಂಡಿರುತ್ತಿದ್ದರು. 2020ರ ಫೆಡೋರಾ 33ರಿಂದ ಎಸ್‌ಕ್ಯೂಲೈಟ್ ಬಂದು ಈ ಕಾಟ ಕಡಿಮೆಯಾಗಿದೆ. ಪ್ಯಾಕ್‌ಮ್ಯಾನ್ ಅರ್ಧಕ್ಕೆ ನಿಂತರೆ ಬೀಗದ ಫೈಲು ಉಳಿಯುತ್ತದೆ. ಅದನ್ನು ಅಳಿಸುವುದು ಸುಲಭ, ಆದರೆ ಕರ್ನಲ್ಲೇ ಅರ್ಧ ಬರೆದಿದ್ದರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಳಹೊಕ್ಕು ಸರಿಪಡಿಸಬೇಕು. ಒಬ್ಬ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಿ ಬಹಳ ಕಲಿಯುತ್ತಾನೆ. ಮೂವತ್ತು ಯಂತ್ರದ ಲ್ಯಾಬ್ ನೋಡಿಕೊಳ್ಳುವ ಸಹಾಯಕನಿಗೆ ಆ ಕಲಿಕೆ ಬೇಡ.

ಈ ಅಂಶದಲ್ಲಿ ಎಲ್ಲರನ್ನೂ ಮೀರಿಸುವುದು ನಿಕ್ಸ್. ಅದು ಪ್ರತಿಯೊಂದು ಪ್ಯಾಕೇಜನ್ನೂ ಅದನ್ನು ಕಟ್ಟಲು ಬಳಸಿದ ಎಲ್ಲ ಸಾಮಗ್ರಿಯ ಹ್ಯಾಶ್ ಹೆಸರಿನ ಪ್ರತ್ಯೇಕ ಕೋಶದಲ್ಲಿಡುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದೇ ಇಲ್ಲ. ಎಲ್ಲ ಸಿದ್ಧವಾದ ಮೇಲೆ ಒಂದು ಕೊಂಡಿಯನ್ನಷ್ಟೇ ಹೊಸ ತಲೆಮಾರಿನ ಕಡೆ ತಿರುಗಿಸುತ್ತದೆ. ಕರೆಂಟು ಯಾವ ಕ್ಷಣದಲ್ಲಿ ಹೋದರೂ ಯಂತ್ರ ಹಳೆಯ ಸ್ಥಿತಿಯಲ್ಲಿ ಏಳುತ್ತದೆ, ಇಲ್ಲವೇ ಹೊಸ ಸ್ಥಿತಿಯಲ್ಲಿ. ಅರ್ಧಂಬರ್ಧ ಎಂಬುದಿಲ್ಲ. ಆರ್‌ಪಿಎಂ-ಓಎಸ್‌ಟ್ರೀ ಬಳಸುವ ಫೆಡೋರಾ ಸಿಲ್ವರ್‌ಬ್ಲೂಗೂ ಇದೇ ಗುಣವಿದೆ. ಹಾಗಿದ್ದರೆ ಹಾವೇರಿಗೆ ನಿಕ್ಸೇ ಸರಿ ಎನ್ನಬಹುದಲ್ಲ ಎಂದರೆ, ಅಡ್ಡಿ ಇರುವುದು ಇಂಟರ್ನೆಟ್ಟಿನಲ್ಲಿ. ಕೆಳಸ್ತರದ ಸಿ ಲೈಬ್ರರಿ ಒಂದು ಬದಲಾದರೆ ಅದನ್ನು ನೆಚ್ಚಿದ ಎಲ್ಲದರ ಹ್ಯಾಶೂ ಬದಲಾಗಿ, ಕಾಣುವಂಥ ವ್ಯತ್ಯಾಸವೇ ಇಲ್ಲದ ಪ್ಯಾಕೇಜುಗಳೂ ಹೊಸದಾಗಿ ಇಳಿಯಬೇಕಾಗುತ್ತದೆ. ಕರೆಂಟಿನಿಂದ ಉಳಿಸಿದ್ದನ್ನು ಡೇಟಾದಲ್ಲಿ ತೆರಬೇಕು.

ರಜೆ ಮುಗಿಸಿ ಬಂದ ಯಂತ್ರ

ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆ ಮುಚ್ಚಿದರೆ ಮತ್ತೆ ಲ್ಯಾಬಿನ ಬಾಗಿಲು ತೆಗೆಯುವುದು ಮೇ ಕೊನೆಗೆ ಅಥವಾ ಜೂನಿನಲ್ಲಿ. ನಿರಂತರವಾಗಿ ಹೊಸದಾಗುತ್ತಲೇ ಇರುವ ರೋಲಿಂಗ್ ವ್ಯವಸ್ಥೆಗಳು ಈ ಬಿಡುವನ್ನು ಸಹಿಸುವುದಿಲ್ಲ. ಆರ್ಚ್‌ನಲ್ಲಿ ತಿಂಗಳುಗಟ್ಟಲೆ ಅಪ್‌ಡೇಟು ಬಿಟ್ಟ ಯಂತ್ರ ಮೊದಲು ಎಡವುವುದು ಸಹಿಗಳಲ್ಲಿ. ನಿರ್ವಾಹಕರ ಕೀಲಿಗಳು ಈ ನಡುವೆ ಬದಲಾಗಿ, ಯಂತ್ರದೊಳಗಿನ ಕೀಲಿಗೊಂಚಲು ಹಳತಾಗಿರುತ್ತದೆ. ಮೊದಲು ಕೀಲಿಗೊಂಚಲಿನ ಪ್ಯಾಕೇಜನ್ನೇ ಹೊಸದು ಮಾಡಿ ಆಮೇಲೆ ಉಳಿದದ್ದಕ್ಕೆ ಕೈಹಾಕಬೇಕು. ಒಂದೇ ಒಂದು ಪ್ಯಾಕೇಜು ಬೇಕೆಂದು ಪಟ್ಟಿಯನ್ನು ಹೊಸದು ಮಾಡಿ ಅದಷ್ಟನ್ನೇ ಹಾಕಿಕೊಳ್ಳುವುದನ್ನು ಆರ್ಚ್ ಬೆಂಬಲಿಸುವುದೇ ಇಲ್ಲ. ತಂದರೆ ಎಲ್ಲವನ್ನೂ ತರಬೇಕು. ಇದರಲ್ಲಿ ತಪ್ಪೇನಿಲ್ಲ, ಆ ವ್ಯವಸ್ಥೆಯನ್ನು ಕಟ್ಟಿದ್ದೇ ದಿನವೂ ಯಂತ್ರದ ಮುಂದೆ ಕೂರುವವರಿಗಾಗಿ.

ಫೆಡೋರಾ ಆರು ತಿಂಗಳಿಗೊಂದು ಆವೃತ್ತಿ ತಂದು ಸುಮಾರು ಹದಿಮೂರು ತಿಂಗಳು ನೋಡಿಕೊಳ್ಳುತ್ತದೆ. ಶೈಕ್ಷಣಿಕ ವರ್ಷವೊಂದಕ್ಕೆ ಅಂಟಿಯೂ ಅಂಟದಂಥ ಅವಧಿ ಅದು. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಭದ್ರತಾ ಬೆಂಬಲ ಪಡೆಯುತ್ತದೆ. ಡೆಬಿಯನ್ ಸ್ಥಿರ ಆವೃತ್ತಿಯದೂ ಹೆಚ್ಚುಕಡಿಮೆ ಇದೇ ನಡಿಗೆ: 12ನೆಯದು 2023ರ ಜೂನಿನಲ್ಲಿ, 13ನೆಯದು 2025ರ ಆಗಸ್ಟಿನಲ್ಲಿ ಬಂದವು. ಐದು ವರ್ಷ ಎಂದರೆ ಎಂಟನೆಯ ತರಗತಿಗೆ ಸೇರಿದ ಮಗು ಹತ್ತನೆಯದು ದಾಟಿ ಪಿಯುಸಿ ಮುಗಿಸುವವರೆಗೆ ಪರದೆಯ ಮೇಲೆ ಗುಂಡಿ ಇದ್ದಲ್ಲೇ ಇರುತ್ತದೆ. ಹಳೆಯ ಆವೃತ್ತಿ ಎಂಬುದು ತಂತ್ರಜ್ಞರ ಬಾಯಲ್ಲಿ ಬೈಗುಳ. ಶಿಕ್ಷಕರಿಗೆ ಅದರಿಂದ ಉಪಕಾರವೇ ಹೆಚ್ಚು.

ನಿಧಾನಕ್ಕೆ ಭದ್ರತೆಯ ಲಾಭವೂ ಇದೆ ಎಂಬುದನ್ನು 2024ರ ಎಕ್ಸ್‌ಝಡ್ ಪ್ರಕರಣ ತೋರಿಸಿತು. ಸಂಕುಚನ ಲೈಬ್ರರಿಯೊಂದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಅದೇ ಯೋಜನೆಯಲ್ಲಿ ವರ್ಷಗಟ್ಟಲೆ ದುಡಿದು ವಿಶ್ವಾಸ ಗಳಿಸಿದ್ದ ಸಹನಿರ್ವಾಹಕನ ಹೆಸರಿನಲ್ಲಿ, ಹಿಂಬಾಗಿಲು ಸೇರಿತ್ತು. ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞ ದೂರದ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಕಂಡು ಬೆನ್ನುಹತ್ತಿ, ಮಾರ್ಚ್ 29ರಂದು ಬಯಲು ಮಾಡಿದ. ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೆ, ಫೆಡೋರಾದ ಮುಂದಿನ ಆವೃತ್ತಿಯ ತಯಾರಿಗೆ ಅದು ಆಗಲೇ ಸೇರಿತ್ತು. ಸ್ಥಿರ ಆವೃತ್ತಿಗಳಿಗೆ ತಲುಪಿರಲಿಲ್ಲ. ಆದರೆ ಈ ಕಥೆಯನ್ನು ತಯಾರಕರಿಗೂ ಬಳಕೆದಾರರಿಗೂ ನಡುವೆ ನಿಂತ ವಿತರಕರ ಗೆಲುವು ಎಂದಷ್ಟೇ ಓದುವುದು ಅರ್ಧಸತ್ಯ. ಆ ಹಿಂಬಾಗಿಲು ಎಸ್‌ಎಸ್‌ಎಚ್ ಸೇವೆಯೊಳಗೆ ಇಳಿಯಲು ದಾರಿ ಮಾಡಿಕೊಟ್ಟದ್ದು ಡೆಬಿಯನ್, ಫೆಡೋರಾಗಳು ಮೂಲ ತಂತ್ರಾಂಶಕ್ಕೆ ತಾವಾಗಿ ಸೇರಿಸಿದ್ದ ಸಿಸ್ಟಂಡಿ ಜೋಡಣೆಯ ತಿದ್ದುಪಡಿ. ಮೂಲವನ್ನು ಇದ್ದಂತೆಯೇ ಹಂಚುವ ಆರ್ಚ್‌ನಲ್ಲಿ ಆ ಜೋಡಣೆಯೇ ಇರಲಿಲ್ಲ. 2008ರಲ್ಲಿ ಬಯಲಾದ ಡೆಬಿಯನ್ ಓಪನ್‌ಎಸ್‌ಎಸ್‌ಎಲ್ ದೋಷವೂ ನಿರ್ವಾಹಕನೊಬ್ಬನ ಸದುದ್ದೇಶದ ತಿದ್ದುಪಡಿಯಿಂದಲೇ ಹುಟ್ಟಿದ್ದು. ಅದರಿಂದ ಎರಡು ವರ್ಷ ಕಾಲ ತಯಾರಾದ ಕೀಲಿಗಳೆಲ್ಲ ಊಹಿಸಬಲ್ಲವಾಗಿದ್ದವು. ನಡುವಿನವರು ಕಾಯುತ್ತಾರೆ, ಕೆಡಿಸಲೂಬಲ್ಲರು. ಯಾವುದೇ ಹೋಲಿಕೆ ಈ ಎರಡನ್ನೂ ಒಟ್ಟಿಗೆ ತೂಗಬೇಕು.

ಮುದ್ರೆಯ ಪ್ರಶ್ನೆ

ರಾಣೆಬೆನ್ನೂರು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಊರು. ಸುತ್ತಲಿನ ಹಳ್ಳಿಗಳಲ್ಲಿ ಕಂಪನಿಗಳ ಕರಾರಿನ ಮೇಲೆ ತರಕಾರಿ, ಹತ್ತಿಯ ಬೀಜ ಬೆಳೆಯುವ ರೈತರಿದ್ದಾರೆ. ಬೀಜದ ಚೀಟಿಯ ಬಣ್ಣ ಇಲ್ಲಿ ಎಲ್ಲರಿಗೂ ಗೊತ್ತು. 1966ರ ಬೀಜ ಕಾಯ್ದೆಯ ಅಡಿಯಲ್ಲಿ ಬೆಳೆದ ಪದ್ಧತಿಯಂತೆ ತಳಿವರ್ಧಕರ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ನೀಲಿ ಚೀಟಿಯ ಅರ್ಥ, ಬೆಳೆದವನೂ ಅಲ್ಲದ ಮಾರುವವನೂ ಅಲ್ಲದ ಮೂರನೆಯ ಸಂಸ್ಥೆಯೊಂದು ಹೊಲಕ್ಕೆ ಬಂದು ನೋಡಿ ಪ್ರಮಾಣಿಸಿದೆ ಎಂದು. ಹಸಿರು ಚೀಟಿಯ ಟ್ರೂತ್‌ಫುಲ್ ಲೇಬಲ್, ಅಂಗಡಿಯವರ ಮಾತಿನಲ್ಲಿ ಟಿಎಲ್, ಬೇರೆ. ಅಲ್ಲಿ ಉತ್ಪಾದಕರೇ ತಮ್ಮ ಮಾಲಿಗೆ ತಾವೇ ಸಾಕ್ಷಿ. ಎರಡೂ ಕಾನೂನುಬದ್ಧ, ಎರಡರಲ್ಲೂ ಒಳ್ಳೆಯ ಬೀಜವಿದೆ. ಆದರೆ ಮೊಳಕೆ ಬಾರದ ದಿನ ಯಾರ ಬಾಗಿಲು ತಟ್ಟಬೇಕು ಎಂಬುದು ಬೇರೆ ಬೇರೆ.

ಪ್ಯಾಕೇಜು ವ್ಯವಸ್ಥೆಗಳು ಇದೇ ಗೆರೆಯ ಮೇಲೆ ಎರಡಾಗುತ್ತವೆ. ಡೆಬಿಯನ್, ಫೆಡೋರಾ, ಫ್ರೀಬಿಎಸ್‌ಡಿಗಳ ಭಂಡಾರ ನೀಲಿ ಚೀಟಿಯದು: ತಂತ್ರಾಂಶ ಬರೆದವರು ಒಬ್ಬರು, ಅದರ ಲೈಸೆನ್ಸು ಪರೀಕ್ಷಿಸಿ, ಕಟ್ಟಿ, ಸಹಿ ಹಾಕುವವರು ಇನ್ನೊಬ್ಬರು. ಸ್ನ್ಯಾಪ್ ಮತ್ತು ಅದರಂಥದೇ ಒಂಟಿ ಫೈಲಿನ ಆಪ್‌ಇಮೇಜ್ ಬಹುಮಟ್ಟಿಗೆ ಹಸಿರು ಚೀಟಿಯವು, ತಯಾರಕರೇ ಕಟ್ಟಿ ಕೊಡುವಂಥವು. ಫ್ಲ್ಯಾಟ್‌ಪ್ಯಾಕ್‌ಗಳ ಮುಖ್ಯ ಭಂಡಾರವಾದ ಫ್ಲ್ಯಾಟ್‌ಹಬ್ ನಡುವೆ ನಿಂತಿದೆ. ಅಲ್ಲಿನ ಎಷ್ಟೋ ಪ್ಯಾಕೇಜುಗಳನ್ನು ತಯಾರಕರಲ್ಲದ ಸ್ವಯಂಸೇವಕರು ಕಟ್ಟುತ್ತಾರೆ, ತಯಾರಕರೇ ಕಟ್ಟಿದ್ದಕ್ಕೆ ‘ದೃಢೀಕೃತ’ ಗುರುತು ಪ್ರತ್ಯೇಕವಾಗಿ ಸಿಗುತ್ತದೆ. ಆರ್ಚ್ ಬಳಕೆದಾರರ ಭಂಡಾರವಾದ ಎಯುಆರ್‌ಗೆ ಯಾವ ಚೀಟಿಯೂ ಇಲ್ಲ. ಕಟ್ಟುವ ಕ್ರಮವನ್ನು ಓದಿ ನೋಡಿಕೊಳ್ಳುವುದು ಬಳಸುವವರ ಜವಾಬ್ದಾರಿ, ಅದನ್ನು ಆ ಯೋಜನೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಚೀಟಿ ಕೊಟ್ಟವರು ಯಾರು ಎಂಬುದರ ಜೊತೆಗೆ ಚೀಟಿಯನ್ನು ಎಲ್ಲಿ ಹೊಲಿದಿದ್ದಾರೆ ಎಂಬ ಎರಡನೆಯ ಪ್ರಶ್ನೆಯಿದೆ. ಹೋಲಿಕೆಯ ಬರಹಗಳಲ್ಲಿ ಇದು ಕಾಣುವುದೇ ಕಡಿಮೆ, ಹಾವೇರಿಯಂಥ ಜಿಲ್ಲೆಗೆ ಅತಿ ಮುಖ್ಯವಾದದ್ದು ಇದೇ. ಆಪ್ಟ್‌ನ ಕ್ರಮ ಹೀಗಿದೆ. ಭಂಡಾರದ ಒಂದು ಮುಖ್ಯ ಫೈಲಿಗೆ ಡೆಬಿಯನ್ನಿನ ಸಹಿ ಇರುತ್ತದೆ. ಆ ಫೈಲಿನಲ್ಲಿ ಪ್ಯಾಕೇಜು ಪಟ್ಟಿಗಳ ಹ್ಯಾಶ್ ಇದೆ, ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್ ಇದೆ. ಮೇಲಿನ ಸಹಿಯನ್ನು ಒಪ್ಪಿದರೆ ಕೆಳಗಿನ ಪ್ರತಿ ಫೈಲನ್ನೂ ತಾಳೆ ನೋಡಬಹುದು. ಆದ್ದರಿಂದ ಫೈಲು ಯಾವ ದಾರಿಯಲ್ಲಿ ಬಂತು ಎಂಬುದು ಅಪ್ರಸ್ತುತವಾಗುತ್ತದೆ. ಭಂಡಾರದ ಪ್ರತಿ ಇಟ್ಟುಕೊಂಡ ಡೆಬಿಯನ್ ಕನ್ನಡಿ ಸರ್ವರುಗಳು ಗುಪ್ತಲಿಪಿಯಿಲ್ಲದ ಬರಿಯ ಎಚ್‌ಟಿಟಿಪಿಯಲ್ಲಿ ಹಂಚಿದರೂ ನಡೆಯುವುದು ಇದೇ ಕಾರಣಕ್ಕೆ. ಬರಿಯ ಎಚ್‌ಟಿಟಿಪಿ ಎಂದಾಕ್ಷಣ ಹೊಸಬರು ಹೌಹಾರುತ್ತಾರೆ. ಲ್ಯಾಬಿಗೆ ಅದೇ ವರ. ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಕೂರಿಸಿದರೆ ಮೊದಲ ಯಂತ್ರ ತರಿಸಿದ ಫೈಲನ್ನು ಉಳಿದವು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಲೆಕ್ಕಕ್ಕಾಗಿ 30 ಯಂತ್ರಗಳಿಗೆ ತಲಾ 400 ಎಂಬಿ ಅಪ್‌ಡೇಟು ಬಂದಿದೆ ಎಂದುಕೊಳ್ಳೋಣ: ಎಲ್ಲವೂ ಹೊರಗಿನಿಂದ ತಂದರೆ 12 ಜಿಬಿ, ಕ್ಯಾಷ್ ಮೂಲಕ ತಂದರೆ 400 ಎಂಬಿಗಿಂತ ತುಸು ಹೆಚ್ಚು.

ಸಂಪರ್ಕವೇ ಇಲ್ಲದ ಶಾಲೆಗೆ ಆಪ್ಟ್-ಆಫ್‌ಲೈನ್ ಇದೆ. ಇದನ್ನು ಬರೆದವರು ನಮ್ಮ ದೇಶದವರೇ ಆದ ಡೆಬಿಯನ್ ಡೆವಲಪರ್ ರಿತೇಶ್ ರಾಜ್ ಸರಾಫ್. ಶಾಲೆಯ ಯಂತ್ರ ತನಗೆ ಏನೇನು ಬೇಕು ಎಂಬುದನ್ನು ಒಂದು ಫೈಲಿನಲ್ಲಿ ಬರೆದು ಪೆನ್‌ಡ್ರೈವಿಗೆ ಹಾಕುತ್ತದೆ. ಊರಿನಲ್ಲಿ ಇಂಟರ್ನೆಟ್ ಇರುವ ಯಾವುದಾದರೂ ಯಂತ್ರದಲ್ಲಿ, ಅದು ವಿಂಡೋಸ್ ಆದರೂ ಸರಿ, ಅವನ್ನು ಇಳಿಸಿಕೊಂಡು ತಂದರೆ ಶಾಲೆಯ ಯಂತ್ರ ತಾಳೆ ನೋಡಿ ಹಾಕಿಕೊಳ್ಳುತ್ತದೆ. ನಡುವಿನ ಯಂತ್ರವನ್ನು ನಂಬುವ ಅಗತ್ಯವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಡೆಬಿಯನ್ ಪ್ಯಾಕೇಜಿನ ರೂಪವಾದ ಡೆಬ್ ಫೈಲಿನೊಳಗೆ ಸಾಮಾನ್ಯವಾಗಿ ಸಹಿ ಇರುವುದಿಲ್ಲ, ಸಹಿ ಇರುವುದು ಪಟ್ಟಿಯ ಮೇಲೆ. ಪಟ್ಟಿಯಿಲ್ಲದೆ ಒಂಟಿ ಡೆಬ್ ಫೈಲನ್ನು ಪೆನ್‌ಡ್ರೈವಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದರೆ ಅದು ಚೀಟಿ ಕಿತ್ತ ಚೀಲ. ಆರ್‌ಪಿಎಂ ಫೈಲಿನಲ್ಲಿ ಸಹಿ ಫೈಲಿನ ತಲೆಯಲ್ಲೇ ಇದೆ, ಒಂಟಿಯಾಗಿ ಹೋದರೂ ಪರೀಕ್ಷಿಸಬಹುದು. ಈ ಒಂದು ಅಂಶದಲ್ಲಿ ಆರ್‌ಪಿಎಂ ವಿನ್ಯಾಸವೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಫೆಡೋರಾ ಆ ಲಾಭವನ್ನು ಇನ್ನೊಂದು ಕೈಯಿಂದ ಕಳೆದುಕೊಳ್ಳುತ್ತದೆ. ಡಿಎನ್‌ಎಫ್ ಪ್ರತಿ ಸಲ ಬೇರೆ ಬೇರೆ ಕನ್ನಡಿ ಸರ್ವರಿಗೆ ಹೋಗುವುದರಿಂದ ಸಾಮಾನ್ಯ ಪ್ರಾಕ್ಸಿಗೆ ಅದೇ ಫೈಲು ಬೇರೆ ಬೇರೆ ವಿಳಾಸದಲ್ಲಿ ಕಂಡು, ಕ್ಯಾಷ್ ಕೆಲಸಕ್ಕೆ ಬಾರದೆ ಹೋಗುತ್ತದೆ. ವಿಳಾಸವನ್ನು ಕೈಯಾರೆ ಒಂದಕ್ಕೆ ಕಟ್ಟಿಹಾಕಬೇಕು. ಪ್ಯಾಕೇಜು ಪಟ್ಟಿಗಳೇ ಹತ್ತಾರು ಎಂಬಿ ತೂಗುವುದು ಇದರ ಮೇಲಿನ ಭಾರ.

ಸ್ನ್ಯಾಪ್‌ನಲ್ಲೂ ಮುದ್ರೆ ಸರಕಿನ ಜೊತೆ ಬರಬಲ್ಲುದು. ಡೌನ್‌ಲೋಡ್ ಮಾಡಿದರೆ ಸ್ನ್ಯಾಪ್ ಫೈಲಿನ ಪಕ್ಕದಲ್ಲಿ ದೃಢೀಕರಣದ ಫೈಲೊಂದು ಸಿಗುತ್ತದೆ, ಅದನ್ನು ಒಪ್ಪಿಸಿ ಆಫ್‌ಲೈನ್ ಹಾಕಬಹುದು. ತಕರಾರು ಇರುವುದು ಟಂಕಸಾಲೆಯ ಬಗ್ಗೆ. ಮುದ್ರೆ ಒತ್ತುವ ಅಂಗಡಿ ಉಬುಂಟುವಿನ ಕ್ಯಾನೋನಿಕಲ್ ಕಂಪನಿಯದು ಒಂದೇ, ಅದರ ಸರ್ವರಿನ ಸಂಕೇತ ಮುಕ್ತವಲ್ಲ. ಡೆಬಿಯನ್ ಭಂಡಾರದ ಪೂರ್ಣ ಪ್ರತಿಯನ್ನು ಯಾವ ಕಾಲೇಜು ಬೇಕಾದರೂ ಇಟ್ಟುಕೊಳ್ಳಬಹುದು, ಸ್ನ್ಯಾಪ್ ಅಂಗಡಿಯ ಪ್ರತಿಯನ್ನು ಇಟ್ಟುಕೊಳ್ಳಲಾಗದು. ಲಿನಕ್ಸ್ ಮಿಂಟ್ 2020ರಲ್ಲಿ ಸ್ನ್ಯಾಪ್ ತಾನಾಗಿ ಒಳಬರದಂತೆ ತಡೆದದ್ದು ಈ ಕಾರಣ ಹೇಳಿಯೇ. ಫ್ಲ್ಯಾಟ್‌ಪ್ಯಾಕ್ ಈ ವಿಷಯದಲ್ಲಿ ಉದಾರ. ಯಾರು ಬೇಕಾದರೂ ಭಂಡಾರ ನಡೆಸಬಹುದು, ಯುಎಸ್‌ಬಿಗೆ ಪ್ರತಿ ಮಾಡಿಕೊಡುವ ಆದೇಶವೇ ಇದೆ. ಆದರೆ ಮೊದಲ ಅಪ್ಲಿಕೇಶನ್ನಿನ ಜೊತೆ ರನ್‌ಟೈಮ್ ಎಂಬ ನೂರಾರು ಎಂಬಿಯ ಕೆಳಪದರ ಇಳಿಯುತ್ತದೆ.

ಮೂರನೆಯವರ ಭಂಡಾರ ಸೇರಿಸುವಾಗಿನ ಅಪಾಯವನ್ನೂ ಇಲ್ಲೇ ಹೇಳಬೇಕು. ಡೆಬ್, ಆರ್‌ಪಿಎಂ ಎರಡರಲ್ಲೂ ಪ್ಯಾಕೇಜು ಹಾಕುವಾಗ ನಡೆಯುವ ಸ್ಕ್ರಿಪ್ಟುಗಳು ಯಂತ್ರದ ಪೂರ್ಣಾಧಿಕಾರದಲ್ಲಿ ನಡೆಯುತ್ತವೆ. ಯೂಟ್ಯೂಬ್ ನೋಡಿ ಒಂದು ಪಿಪಿಎ, ಅಂದರೆ ಉಬುಂಟುವಿನ ವೈಯಕ್ತಿಕ ಭಂಡಾರ, ಸೇರಿಸುವುದೆಂದರೆ ಅದರ ಒಡೆಯನ ಕೈಗೆ ಲ್ಯಾಬಿನ ಬೀಗದ ಕೈ ಕೊಟ್ಟಂತೆಯೇ. ಸೀಮಿತ ಅಧಿಕಾರದಲ್ಲಿ ಕೆಲಸ ಮಾಡುವ ಫ್ಲ್ಯಾಟ್‌ಪ್ಯಾಕ್ ಈ ಜಾಗದಲ್ಲಿ ನಿಜವಾಗಿಯೂ ಸುರಕ್ಷಿತ. ನಿಕ್ಸ್ ಇನ್ನೂ ಮುಂದೆ ಹೋಗಿ, ಅದೇ ಸಾಮಗ್ರಿಯಿಂದ ಬೇರೊಬ್ಬರು ಕಟ್ಟಿ ತಾಳೆ ನೋಡಬಹುದಾದ ದಾರಿ ತೆರೆಯುತ್ತದೆ. ಡೆಬಿಯನ್ನಿನ ಪುನರುತ್ಪಾದನೀಯ ಕಟ್ಟಣೆ ಯೋಜನೆಯ ಗುರಿಯೂ ಅದೇ. ಅದು ಪೂರ್ತಿಯಾದ ದಿನ ಚೀಟಿಯ ಮೇಲಿನ ನಂಬಿಕೆಯನ್ನು ಯಾರು ಬೇಕಾದರೂ ಪರೀಕ್ಷೆಗೆ ಒಡ್ಡಬಹುದು.

ಕನ್ನಡದಲ್ಲಿ ಪರೀಕ್ಷೆ

ಕನ್ನಡಕ್ಕೆ ಬೇಕಾದವು ಮೂರು: ಅಕ್ಷರ ತೋರಿಸುವ ಫಾಂಟು, ಒತ್ತಕ್ಷರ ಜೋಡಿಸುವ ಎಂಜಿನ್, ಟೈಪು ಮಾಡುವ ಕೀಲಿಮಣೆ. ಪ್ಯಾಕೇಜು ವ್ಯವಸ್ಥೆಗಳ ಗುಣದೋಷ ಈ ಮೂರರಲ್ಲಿ ಬೇರೆ ಬೇರೆಯಾಗಿ ಹೊರಬೀಳುತ್ತದೆ.

ಫಾಂಟುಗಳ ವಿಷಯದಲ್ಲಿ ಭೇದ ಇರುವುದು ಹೋಳುಮಾಡುವ ಪದ್ಧತಿಯಲ್ಲಿ. ಡೆಬಿಯನ್ ಕನ್ನಡದ ಫಾಂಟಿಗೊಂದು ಪ್ಯಾಕೇಜು ಮಾಡುತ್ತದೆ: ಲೋಹಿತ್ ಕನ್ನಡ ಒಂದು, ಗುಬ್ಬಿ ಒಂದು, ಕೈಬರಹದ ನವಿಲು ಒಂದು, ಇವನ್ನು ಒಟ್ಟಿಗೆ ತರುವ ಹೆಸರಿಗಷ್ಟೇ ಇರುವ ಕನ್ನಡದ ಮೆಟಾ ಪ್ಯಾಕೇಜು ಇನ್ನೊಂದು. ಫೆಡೋರಾದಲ್ಲೂ ಹೀಗೆಯೇ ಬಿಡಿಬಿಡಿ. ಆರ್ಚ್ ನೋಟೊ ಫಾಂಟುಗಳನ್ನು ಜಗತ್ತಿನ ಬಹುತೇಕ ಲಿಪಿಗಳ ಸಮೇತ ಒಂದೇ ಮೂಟೆಯಲ್ಲಿ ಕೊಡುತ್ತದೆ. ನೋಟೊದಲ್ಲಿ ಕನ್ನಡ ಓದಲು ಚೆರೋಕಿ, ಜಾವಾನೀಸ್ ಲಿಪಿಗಳನ್ನೂ ಇಳಿಸಿಕೊಳ್ಳಬೇಕು. ಹೆಸರಿಡುವುದರಲ್ಲೂ ಒಮ್ಮತವಿಲ್ಲ. ಅಕ್ಷರ ಗುರುತಿಸುವ ಟೆಸರಾಕ್ಟ್‌ನ ಕನ್ನಡ ದತ್ತಾಂಶ ಡೆಬಿಯನ್ನಿನಲ್ಲಿ ಟೆಸರಾಕ್ಟ್-ಓಸಿಆರ್-ಕೆಎಎನ್, ಫೆಡೋರಾದಲ್ಲಿ ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕೆಎಎನ್, ಆರ್ಚ್‌ನಲ್ಲಿ ಟೆಸರಾಕ್ಟ್-ಡೇಟಾ-ಕೆಎಎನ್. ಮಾಡುವ ಕೆಲಸ ಮಾತ್ರ ಒಂದೇ. ಕನ್ನಡದಲ್ಲಿ ಕೈಪಿಡಿ ಬರೆಯುವವರಿಗೆ ಈ ಮೂರು ಹೆಸರು ದೊಡ್ಡ ತಲೆನೋವು.

ಒತ್ತಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿಯ ವಿಷಯದಲ್ಲಿ ಹಂಚಿಕೊಂಡ ಲೈಬ್ರರಿಯ ಹಳೆಯ ತತ್ವ ಗೆಲ್ಲುತ್ತದೆ. ಅರ್ಕಾವತ್ತು ಎಲ್ಲಿ ಕೂರಬೇಕು ಎಂಬ ದೋಷವೊಂದು ಸರಿಯಾಯಿತೆಂದುಕೊಳ್ಳಿ. ಡೆಬಿಯನ್ನಿನಲ್ಲಿ ಒಂದು ಸಣ್ಣ ಪ್ಯಾಕೇಜು ಬದಲಾದರೆ ಲಿಬ್ರೆ ಆಫೀಸಿನಿಂದ ಹಿಡಿದು ಪಠ್ಯ ಸಂಪಾದಕದವರೆಗೆ ಆ ಲೈಬ್ರರಿ ಬಳಸುವ ಎಲ್ಲದರಲ್ಲೂ ಅಕ್ಷರ ಸರಿಯಾಗುತ್ತದೆ. ಫ್ಲ್ಯಾಟ್‌ಪ್ಯಾಕ್‌ನಲ್ಲಿ ರನ್‌ಟೈಮ್ ಬದಲಾಗುವವರೆಗೆ ಕಾಯಬೇಕು. ಆಪ್‌ಇಮೇಜ್‌ನಲ್ಲಿ ಪ್ರತಿಯೊಂದೂ ತನ್ನದೇ ಪ್ರತಿಯನ್ನು ಹೊಟ್ಟೆಯೊಳಗಿಟ್ಟುಕೊಂಡಿರಬಹುದು. ಹಾಗಾದಾಗ ಒಂದೇ ಪರದೆಯ ಎರಡು ಕಿಟಕಿಗಳಲ್ಲಿ ಒಂದೇ ಪದ ಎರಡು ರೀತಿ ಕಂಡರೆ ಆಶ್ಚರ್ಯವಿಲ್ಲ. ಫೈರ್‌ಫಾಕ್ಸ್ ಮಾತ್ರ ಸಾಮಾನ್ಯವಾಗಿ ತನ್ನದೇ ಹಾರ್ಫ್‌ಬಝ್ ಹೊತ್ತು ತಿರುಗುತ್ತದೆ, ಭಂಡಾರದ ಶಿಸ್ತು ಅದರ ಹತ್ತಿರ ನಡೆಯುವುದಿಲ್ಲ.

ಕೀಲಿಮಣೆಯಲ್ಲಿ ಎರಡು ದಾರಿಗಳಿವೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸದಿಂದ ಹೆಸರು ಪಡೆದ ಕಗಪ ವಿನ್ಯಾಸ ಎಕ್ಸ್‌ಕೆಬಿ ದತ್ತಾಂಶದಲ್ಲೇ ಸೇರಿದೆ. ಆ ಪ್ಯಾಕೇಜು ಇಲ್ಲದ ಲಿನಕ್ಸ್ ಡೆಸ್ಕ್‌ಟಾಪ್ ಇಲ್ಲವೆಂದೇ ಹೇಳಬಹುದಾದ್ದರಿಂದ ಬೇರೇನನ್ನೂ ಹಾಕದೆ ಕಗಪ ಸಿಗುತ್ತದೆ. ಇನ್ನೊಂದು ದಾರಿ ಐಬಸ್ ಮತ್ತು ಎಂ17ಎನ್ ಮೂಲಕ. ಐಟ್ರಾನ್ಸ್ ಶೈಲಿಯಲ್ಲಿ ಟೈಪು ಮಾಡುವವರಿಗೆ ಅದೇ ಬೇಕು. ಮೊದಲನೆಯದು ಪರದೆಯ ಸರ್ವರಿನ ಮಟ್ಟದಲ್ಲೇ ಕೆಲಸ ಮುಗಿಸುವುದರಿಂದ ಅಪ್ಲಿಕೇಶನ್ನು ಡೆಬ್ ಆಗಿರಲಿ, ಸ್ನ್ಯಾಪ್ ಆಗಿರಲಿ, ಕನ್ನಡ ಬರುತ್ತದೆ. ಎರಡನೆಯದು ಪ್ರತ್ಯೇಕ ಪ್ರಕ್ರಿಯೆಯಾಗಿ ಅಪ್ಲಿಕೇಶನ್ನಿನ ಜೊತೆ ಮಾತಾಡಬೇಕು. ಅಪ್ಲಿಕೇಶನ್ನು ಸ್ಯಾಂಡ್‌ಬಾಕ್ಸಿನೊಳಗಿದ್ದರೆ ಆ ಮಾತಿಗೆ ಪ್ರತ್ಯೇಕ ಕಿಂಡಿ ತೆರೆದಿರಬೇಕು. ಫ್ಲ್ಯಾಟ್‌ಪ್ಯಾಕ್ ಇದಕ್ಕೆ ಪೋರ್ಟಲ್ ಮಾಡಿದೆ, ಸ್ನ್ಯಾಪ್ ಅನುಮತಿ ಮಾಡಿದೆ. ಆದರೂ ಕಟ್ಟಿದವರು ಅದನ್ನು ಸೇರಿಸಲು ಮರೆತರೆ ಆ ಒಂದು ಕಿಟಕಿಯಲ್ಲಿ ಮಾತ್ರ ಕನ್ನಡ ಮೂಡುವುದಿಲ್ಲ. ಇಂಗ್ಲಿಷಿನಲ್ಲಿ ಪರೀಕ್ಷಿಸುವ ತಯಾರಕರಿಗೆ ಈ ದೋಷ ಎಂದೂ ಕಣ್ಣಿಗೆ ಬೀಳದು. ಲ್ಯಾಬುಗಳಲ್ಲಿ ಕಗಪವನ್ನೇ ಕಲಿಸಬೇಕೆಂಬ ನನ್ನ ವಾದಕ್ಕೆ ಭಾಷಾಭಿಮಾನ ಕಾರಣವಲ್ಲ, ಈ ತಾಂತ್ರಿಕ ಕಾರಣವೇ ಸಾಕು.

ಬ್ಯಾಡಗಿಯ ಬ್ರೌಸರು

ಮಾರುಕಟ್ಟೆಯ ಅಂಗಡಿಗೆ ಬಂದರೆ ಪ್ರಶ್ನೆ ಕಿರಿದಾಗುತ್ತದೆ. ಉಬುಂಟು 22.04ರಿಂದ ದೀರ್ಘಾವಧಿ ಆವೃತ್ತಿಗಳಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುತ್ತದೆ. ಆಪ್ಟ್ ಮೂಲಕ ಕೇಳಿದರೂ ಸ್ನ್ಯಾಪನ್ನೇ ಎಳೆದು ತರುತ್ತದೆ. ಸ್ನ್ಯಾಪ್ ತಾನಾಗಿ ದಿನಕ್ಕೆ ಹಲವು ಸಲ ಹೊಸದಿದೆಯೇ ಎಂದು ನೋಡುತ್ತದೆ, ತಡೆಹಿಡಿಯಲು ಪ್ರತ್ಯೇಕ ಆದೇಶ ಕೊಡಬೇಕು. ಮೆಣಸಿನಕಾಯಿಯ ಆವಕ ಜೋರಾಗಿರುವ ಟೆಂಡರಿನ ದಿನ ಮೊಬೈಲ್ ಹಾಟ್‌ಸ್ಪಾಟಿನ ಡೇಟಾವನ್ನು ಅದು ನುಂಗುವುದು ಯಾರಿಗೂ ಬೇಡ. ಡೆಬಿಯನ್ನಿನಲ್ಲಿ ಫೈರ್‌ಫಾಕ್ಸ್‌ನ ದೀರ್ಘ ಬೆಂಬಲದ ಇಎಸ್ಆರ್ ಆವೃತ್ತಿ ಡೆಬ್ ಆಗಿಯೇ ಇದೆ, ಅದರ ಕನ್ನಡ ಭಾಷಾ ಪ್ಯಾಕೇಜೂ ಇದೆ. ಉಬುಂಟುವನ್ನೇ ಬಳಸಬೇಕಾದವರಿಗೆ 2024ರ ಜನವರಿಯಿಂದ ಮೊಜಿಲ್ಲಾ ತನ್ನದೇ ಆಪ್ಟ್ ಭಂಡಾರದಲ್ಲಿ ಫೈರ್‌ಫಾಕ್ಸ್‌ನ ಸ್ಥಿರ ಆವೃತ್ತಿಯನ್ನು ಕೊಡುತ್ತಿದೆ. ಇಲ್ಲಿ ಕಟ್ಟುವವರೂ ಸಹಿ ಹಾಕುವವರೂ ತಯಾರಕರೇ, ಚೀಟಿ ಹಸಿರು. ಆದರೆ ಹೊಲಿದಿರುವುದು ಆಪ್ಟ್‌ನ ಕ್ರಮದಲ್ಲಿ, ಪೆನ್‌ಡ್ರೈವಿನಲ್ಲಿ ಬಂದರೂ ತಾಳೆಯಾಗುವಂತೆ. ಭಂಡಾರ ಸೇರಿಸುವಾಗ ಅದರ ಕೀಲಿಯನ್ನು ಆ ಒಂದು ಭಂಡಾರಕ್ಕಷ್ಟೇ ಸೀಮಿತವಾಗಿ ನಮೂದಿಸಬೇಕು. ಯಂತ್ರದ ಒಟ್ಟು ಕೀಲಿಗೊಂಚಲಿಗೆ ಸೇರಿಸಿದರೆ ಬ್ರೌಸರಿಗೆ ಕೊಟ್ಟ ನಂಬಿಕೆ ಇಡೀ ಯಂತ್ರದ ಪ್ಯಾಕೇಜುಗಳಿಗೆ ಹರಡುತ್ತದೆ.